ಮರದ ಉಸಿರು, ಮಲೆಯ ನೀಲಿ ಮಬ್ಬು

ಮಾರ್ಚ್-ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಶಿವಮೊಗ್ಗದಿಂದ ತೀರ್ಥಹಳ್ಳಿಯ ರಸ್ತೆ ಹಿಡಿದು ಗಾಜನೂರಿನ ಅಣೆಕಟ್ಟೆಯ ಬಳಿ ನಿಂತು ನೋಡಿದರೆ, ದೂರದ ಬೆಟ್ಟಸಾಲುಗಳು ಒಂದರ ಹಿಂದೆ ಒಂದು ತೆಳುನೀಲಿ ಬಣ್ಣ ತಾಳಿ ನಿಂತಿರುತ್ತವೆ. ಹತ್ತಿರದ ಗುಡ್ಡ ಹಸಿರು, ಅದರಾಚೆಯದು ಹಸಿರುನೀಲಿ, ಕೊನೆಯದು ಆಕಾಶದೊಡನೆ ಬೆರೆತು ಹೋದಂತಹ ಮಸುಕು ನೀಲಿ. ಇದೇ ಜಾಗದಲ್ಲಿ ಮಾರ್ಗಶಿರದ ಮುಂಜಾನೆ ನಿಂತರೆ ತುಂಗೆಯ ಮೇಲೆ ಹಾಲಿನಂತೆ ಬಿಳಿಯ ಮಂಜು ಹರಡಿರುವುದು ಕಾಣುತ್ತದೆ. ನೋಡುವ ಕಣ್ಣಿಗೆ ಎರಡೂ ಮಬ್ಬೇ. ಆದರೆ ಒಂದು ಬಿಳಿ, ಇನ್ನೊಂದು ನೀಲಿ. ಒಂದು ಬಿಸಿಲೇರಿದಂತೆ ಕರಗುತ್ತದೆ, ಇನ್ನೊಂದು ಬಿಸಿಲೇರಿದಂತೆ ಹುಟ್ಟುತ್ತದೆ. ಈ ವ್ಯತ್ಯಾಸಕ್ಕೆ ಕಾರಣವೇನು?

ಬಿಳಿಯ ಮಂಜು ನೀರಿನ ಹನಿಗಳಿಂದಾದುದು. ಆ ಹನಿಗಳು ಬೆಳಕಿನ ಅಲೆಗಳಿಗಿಂತ ಬಹಳ ದೊಡ್ಡವಾದುದರಿಂದ ಎಲ್ಲ ಬಣ್ಣಗಳನ್ನೂ ಸಮನಾಗಿ ಚದುರಿಸುತ್ತವೆ. ಆದಕಾರಣ ಬೆಳ್ಳಗೆ ಕಾಣುತ್ತವೆ. ನೀಲಿ ಮಬ್ಬಿನ ಕಣಗಳಾದರೋ ಬೆಳಕಿನ ಅಲೆಗಳಿಗಿಂತಲೂ ಚಿಕ್ಕವು. ಅಂತಹ ಕಣಗಳು ಕೆಂಪಿಗಿಂತ ನೀಲಿಯನ್ನು ಹೆಚ್ಚು ಚದುರಿಸುತ್ತವೆ. ಬೇಸಿಗೆಯ ಈ ಮಬ್ಬಿನಲ್ಲಿ ರಸ್ತೆಯ ಧೂಳೂ ಕಾಡುಗಿಚ್ಚಿನ ಹೊಗೆಯೂ ಬೆರೆತಿರುವುದು ನಿಜ. ಆದರೆ ಇದರ ಒಂದು ಪಾಲು ಸ್ವತಃ ಮರಗಳದ್ದೇ ಕೊಡುಗೆ. ಎಲೆಗಳು ಹೊರಬಿಟ್ಟ ಕಣ್ಣಿಗೆ ಕಾಣದ ಪರಿಮಳವೇ ಗಾಳಿಯಲ್ಲಿ ಮಾರ್ಪಾಟುಗೊಂಡು ಕಣ್ಣಿಗೆ ಕಾಣುವ ಮಬ್ಬಾಗುತ್ತದೆ. ಈ ಸೋಜಿಗದ ಸಂಗತಿಯನ್ನೂ, ಶಿವಮೊಗ್ಗ-ಭದ್ರಾವತಿಗಳಂತಹ ಕಾಡಿನ ಮಗ್ಗುಲ ಊರುಗಳಿಗೆ ಅದು ಹೇಳುವ ಪಾಠವನ್ನೂ ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಬಿಲ್ವಪತ್ರೆಯಿಂದ ಆರಂಭ

ಪೂಜೆಗೆಂದು ತಂದ ಬಿಲ್ವಪತ್ರೆಯನ್ನು ಬೆರಳುಗಳ ನಡುವೆ ತುಸು ಉಜ್ಜಿದರೆ ಒಂದು ಬಗೆಯ ಕಟುಮಧುರ ವಾಸನೆ ಬರುತ್ತದೆ. ನಿಂಬೆ, ಕಿತ್ತಳೆಗಳು ಸೇರಿದ ಸಸ್ಯಕುಟುಂಬಕ್ಕೇ ಬಿಲ್ವವೂ ಸೇರಿದೆ. ಅದರ ಎಲೆಯಲ್ಲಿ ಲಿಮೋನೀನ್ ಮುಂತಾದ ತೈಲಾಂಶಗಳಿವೆ. ಇವು ಸಾಮಾನ್ಯ ಉಷ್ಣತೆಯಲ್ಲಿಯೇ ಆವಿಯಾಗಿ ಗಾಳಿಗೆ ಸೇರಬಲ್ಲವು. ಇಂತಹ ವಸ್ತುಗಳನ್ನು ಬಾಷ್ಪಶೀಲ ಸಾವಯವ ಸಂಯುಕ್ತಗಳು ಎಂದು ಕರೆಯುತ್ತಾರೆ. ಕರ್ಪೂರವು ಈ ವರ್ಗದ ಅತ್ಯಂತ ಪರಿಚಿತ ಸದಸ್ಯ. ತಟ್ಟೆಯಲ್ಲಿಟ್ಟ ಕರ್ಪೂರವು ಹಚ್ಚದಿದ್ದರೂ ಕೆಲವು ದಿನಗಳಲ್ಲಿ ಕರಗಿ ಮಾಯವಾಗುವುದನ್ನು ಎಲ್ಲರೂ ಕಂಡಿದ್ದೇವೆ.

ಮನೆಯ ಮಕ್ಕಳಿಗೆ ಇದನ್ನು ತೋರಿಸಲು ಸುಲಭವಾದ ಪ್ರಯೋಗವೊಂದಿದೆ. ಹಿರಿಯರು ಹತ್ತಿರವಿದ್ದು, ಕಿತ್ತಳೆಯ ಸಿಪ್ಪೆಯನ್ನು ಉರಿಯುವ ಮೇಣದಬತ್ತಿಯ ಬಳಿ ಹಿಡಿದು ಬಾಗಿಸಿ ಹಿಂಡಬೇಕು. ಸಿಪ್ಪೆಯಿಂದ ಚಿಮ್ಮಿದ ಸೂಕ್ಷ್ಮ ತುಂತುರು ಜ್ವಾಲೆಗೆ ತಾಗಿ ಚಟಪಟನೆ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡದ್ದು ಮುಖ್ಯವಾಗಿ ಲಿಮೋನೀನ್. ಹತ್ತು ಇಂಗಾಲ ಮತ್ತು ಹದಿನಾರು ಜಲಜನಕ ಪರಮಾಣುಗಳು ಕೂಡಿ ಆದ ಅಣು ಅದು. ಸೂಚಿಪರ್ಣಿ ಮರಗಳ ಪೈನೀನ್ ಕೂಡ ಇದೇ ಲೆಕ್ಕದ್ದು. ಶ್ರೀಗಂಧದ ತೈಲದ ಸುವಾಸನೆಗೆ ಕಾರಣವಾದ ಸ್ಯಾಂಟಲಾಲ್ ಇನ್ನೂ ದೊಡ್ಡದು. ಅದರಲ್ಲಿ ಹದಿನೈದು ಇಂಗಾಲ ಪರಮಾಣುಗಳಿವೆ. ಇವೆಲ್ಲಕ್ಕಿಂತ ಚಿಕ್ಕದೂ ಪ್ರಮಾಣದಲ್ಲಿ ಅತ್ಯಧಿಕವೂ ಆದುದು ಐಸೊಪ್ರೀನ್ ಎಂಬ ಐದು ಇಂಗಾಲಗಳ ಅಣು. ಬಿದಿರು, ನೀಲಗಿರಿ, ಹಾಗೂ ಅತ್ತಿ-ಆಲ-ಅರಳಿಗಳ ಕುಲದ ಹಲವು ಮರಗಳು ಬಿಸಿಲಿನ ಹೊತ್ತಿನಲ್ಲಿ ಇದನ್ನು ಹೇರಳವಾಗಿ ಹೊರಬಿಡುತ್ತವೆ.

ಜಗತ್ತಿನ ಎಲ್ಲ ಸಸ್ಯಗಳೂ ಸೇರಿ ವರ್ಷಕ್ಕೆ ಸುಮಾರು 100 ಕೋಟಿ ಟನ್ನುಗಳಷ್ಟು ಇಂತಹ ಸಂಯುಕ್ತಗಳನ್ನು ಗಾಳಿಗೆ ಸೇರಿಸುತ್ತವೆ ಎಂಬುದು ವಿಜ್ಞಾನಿಗಳ ಅಂದಾಜು. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಐಸೊಪ್ರೀನ್. ಮನುಷ್ಯನ ವಾಹನಗಳೂ ಕಾರ್ಖಾನೆಗಳೂ ಹೊರಬಿಡುವ ಇದೇ ಬಗೆಯ ಆವಿಗಳು ಒಟ್ಟು ಲೆಕ್ಕದಲ್ಲಿ ಇದಕ್ಕಿಂತ ಬಹಳ ಕಡಿಮೆ.

ಗಿಡಕ್ಕೇಕೆ ಈ ವೆಚ್ಚ?

ಬಿಸಿಲಿನಲ್ಲಿ ದುಡಿದು ಗಳಿಸಿದ ಇಂಗಾಲದ ನೂರರಲ್ಲಿ ಒಂದೆರಡು ಪಾಲನ್ನು ಮರವು ಹೀಗೆ ಗಾಳಿಗೆ ತೂರಿಬಿಡುವುದೇಕೆ? ಇದು ದುಂದುವೆಚ್ಚವಲ್ಲ. ಕಾದ ಎಲೆಗೆ ಐಸೊಪ್ರೀನ್ ತಾಪವನ್ನು ತಡೆದುಕೊಳ್ಳುವ ಶಕ್ತಿಯನ್ನು ನೀಡುತ್ತದೆಯೆಂದು ಅಮೆರಿಕದ ಸಸ್ಯವಿಜ್ಞಾನಿಗಳು 1995ರಲ್ಲಿ ತೋರಿಸಿಕೊಟ್ಟರು. ಆದುದರಿಂದಲೇ ಬಿಸಿಲು ಮತ್ತು ಸೆಕೆ ಏರಿದಂತೆಲ್ಲ ಅದರ ಬಿಡುಗಡೆಯೂ ಏರುತ್ತದೆ, ಕತ್ತಲಾದೊಡನೆ ನಿಂತುಹೋಗುತ್ತದೆ. ಪೈನೀನ್, ಲಿಮೋನೀನ್‌ಗಳ ಕೆಲಸ ಬೇರೆ. ಎಲೆಯನ್ನು ತಿನ್ನಬಂದ ಹುಳುವಿಗೆ ಅವು ಕಹಿಯಾಗುತ್ತವೆ, ಗಾಯವಾದ ತೊಗಟೆಗೆ ಮದ್ದಾಗುತ್ತವೆ. ಹುಳು ಕಡಿದ ಗಿಡದಿಂದ ಹೊರಟ ಆವಿಗಳನ್ನು ಗ್ರಹಿಸಿ ನೆರೆಯ ಗಿಡವು ಮುಂಜಾಗ್ರತೆಯಿಂದ ತನ್ನ ರಕ್ಷಣೆಯನ್ನು ಬಲಪಡಿಸಿಕೊಳ್ಳುವ ನಿದರ್ಶನಗಳೂ ಇವೆ. ಸಂಪಿಗೆಯು ದುಂಬಿಯನ್ನು ಕರೆಯುವುದೂ ಇಂತಹ ಆವಿಗಳಿಂದಲೇ.

ಪರಿಮಳ ಕಣವಾಗುವ ಬಗೆ

ಎಲೆಯಿಂದ ಹೊರಟ ಆವಿಯು ಗಾಳಿಯಲ್ಲಿ ಬಹುಕಾಲ ಹಾಗೆಯೇ ಉಳಿಯುವುದಿಲ್ಲ. ಹಗಲಿನಲ್ಲಿ ಸೂರ್ಯನ ಬೆಳಕಿನಿಂದ ಹುಟ್ಟುವ ಹೈಡ್ರಾಕ್ಸಿಲ್ ಎಂಬ ಅತಿ ಚುರುಕಾದ ಕಣವೂ ಓಝೋನ್ ಅನಿಲವೂ ಅದರ ಮೇಲೆ ಎರಗುತ್ತವೆ. ರಾತ್ರಿಯಲ್ಲಿ ನೈಟ್ರೇಟ್ ಎಂಬ ಇನ್ನೊಂದು ಚುರುಕು ಕಣ ಆ ಕೆಲಸವನ್ನು ಮುಂದುವರಿಸುತ್ತದೆ. ಬಿಸಿಲಿನ ಹೊತ್ತಿನಲ್ಲಿ ಐಸೊಪ್ರೀನ್ ಅಣುವಿನ ಆಯುಷ್ಯ ಒಂದೆರಡು ಗಂಟೆ ಮಾತ್ರ. ಈ ದಾಳಿಯಲ್ಲಿ ಅಣುವಿಗೆ ಆಮ್ಲಜನಕದ ಪರಮಾಣುಗಳು ಒಂದಾದ ಮೇಲೊಂದು ಅಂಟಿಕೊಳ್ಳುತ್ತವೆ. ಇದೇ ಉತ್ಕರ್ಷಣ ಕ್ರಿಯೆ.

ಆಮ್ಲಜನಕ ಸೇರಿದಂತೆಲ್ಲ ಅಣುವು ಭಾರವಾಗುತ್ತದೆ, ಜಿಗುಟಾಗುತ್ತದೆ. ಆವಿಯಾಗಿ ಹಾರುವ ಗುಣವನ್ನು ಕಳೆದುಕೊಳ್ಳುತ್ತದೆ. ಹಾರಲಾರದ ಅಣುಗಳು ಒಂದನ್ನೊಂದು ಹಿಡಿದುಕೊಂಡು ಗುಂಪುಗೂಡುತ್ತವೆ, ಇಲ್ಲವೆ ಗಾಳಿಯಲ್ಲಿ ಮೊದಲೇ ಇರುವ ಧೂಳು, ಹೊಗೆಯ ಕಣಗಳ ಮೇಲೆ ಹೋಗಿ ಕೂರುತ್ತವೆ. ಕುದಿಯುವ ಬೆಲ್ಲದ ಪಾಕವು ತೆಳುವಾಗಿದ್ದಾಗ ಹರಿದು, ಬಲಿತಾಗ ಸೌಟಿಗೆ ಅಂಟುವುದನ್ನು ನೆನೆಸಿಕೊಂಡರೆ ಈ ಮಾರ್ಪಾಟು ಮನಸ್ಸಿಗೆ ಬರುತ್ತದೆ. ಹೀಗೆ ಹುಟ್ಟಿದ, ಗಾಳಿಯಲ್ಲಿ ತೇಲುವ ಅತಿ ಸೂಕ್ಷ್ಮ ಕಣಗಳಿಗೆ ಸಾವಯವ ಏರೋಸಾಲ್ ಎಂದು ಹೆಸರು. ಮೊದಲು ಹುಟ್ಟಿದಾಗ ಕಣದ ಗಾತ್ರ ಒಂದೆರಡು ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದೆರಡು ಪಾಲು. ಗಂಟೆಗಳು ಕಳೆದಂತೆ ಅದು ಐವತ್ತು, ನೂರು ನ್ಯಾನೋಮೀಟರಿಗೆ ಬೆಳೆಯುತ್ತದೆ.

ಎಲ್ಲ ಆವಿಗಳೂ ಸಮನಾಗಿ ಕಣವಾಗುವುದಿಲ್ಲ. ಐಸೊಪ್ರೀನ್ ಚಿಕ್ಕ ಅಣುವಾದುದರಿಂದ ಅದರ ನೂರು ಪಾಲಿನಲ್ಲಿ ಕೆಲವೇ ಪಾಲು ಕಣರೂಪ ತಾಳುತ್ತದೆ. ಪೈನೀನ್ ಮುಂತಾದ ದೊಡ್ಡ ಅಣುಗಳಲ್ಲಿ ಈ ಪ್ರಮಾಣ ಹೆಚ್ಚು. ಅಷ್ಟೇ ಅಲ್ಲ, ಇವೆರಡೂ ಒಂದೇ ಗಾಳಿಯಲ್ಲಿ ಬೆರೆತಾಗ ಐಸೊಪ್ರೀನ್ ಪೈನೀನಿನ ಕಣರಚನೆಯನ್ನು ತಗ್ಗಿಸಬಲ್ಲದು ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿತು. ಕಾಡಿನಲ್ಲಿ ಯಾವ ಯಾವ ಮರಗಳು ಎಷ್ಟೆಷ್ಟಿವೆ ಎಂಬುದರ ಮೇಲೆ ಅದರ ಮೇಲಣ ಗಾಳಿಯ ಗುಣವೂ ನಿಂತಿದೆ ಎಂದು ಇದರಿಂದ ತಿಳಿಯುತ್ತದೆ.

ಒಂದೂವರೆ ಶತಮಾನದ ಹುಡುಕಾಟ

ಕೆಲವು ಆವಿಗಳ ಮೂಲಕ ಪ್ರಬಲ ಬೆಳಕನ್ನು ಹಾಯಿಸಿದಾಗ ಗಾಜಿನ ನಳಿಕೆಯೊಳಗೆ ನೀಲಿ ಮೋಡ ಹುಟ್ಟುವುದನ್ನು ಬ್ರಿಟನ್ನಿನ ವಿಜ್ಞಾನಿ ಜಾನ್ ಟಿಂಡಾಲ್ 1869ರಷ್ಟು ಹಿಂದೆಯೇ ಕಂಡಿದ್ದನು. ಆದರೆ ಬೆಟ್ಟಗಳ ನೀಲಿ ಮಬ್ಬಿಗೂ ಗಿಡಮರಗಳ ಆವಿಗಳಿಗೂ ಸಂಬಂಧವನ್ನು ಸ್ಪಷ್ಟವಾಗಿ ಮುಂದಿಟ್ಟವನು ಹಾಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್. ಈತನ ಲೇಖನ 1960ರಲ್ಲಿ ಪ್ರಕಟವಾಯಿತು. ಮುಂದೆ 2004ರಲ್ಲಿ ಅಮೆಜಾನ್ ಕಾಡಿನ ಗಾಳಿಯ ಕಣಗಳಲ್ಲಿ ಐಸೊಪ್ರೀನಿನಿಂದ ಹುಟ್ಟಿದ ಸಂಯುಕ್ತಗಳು ದೊರೆತವು. ಅಲ್ಲಿಯವರೆಗೆ ಐಸೊಪ್ರೀನ್ ಕಣವಾಗಲಾರದೆಂದೇ ಬಹುಮಂದಿ ನಂಬಿದ್ದರು. 2016ರಲ್ಲಿ ಸ್ವಿಟ್ಜರ್ಲೆಂಡಿನ ಸೆರ್ನ್ ಸಂಸ್ಥೆಯ ಪ್ರಯೋಗವೊಂದು ಇನ್ನೊಂದು ನಂಬಿಕೆಯನ್ನು ತಿದ್ದಿತು. ಹೊಸ ಕಣಗಳು ಹುಟ್ಟಲು ಗಂಧಕಾಮ್ಲ ಬೇಕೇಬೇಕೆಂದು ತಿಳಿಯಲಾಗಿತ್ತು. ಮರಗಳ ಆವಿಯೊಂದರಿಂದಲೇ ಕಣಗಳು ಹುಟ್ಟಬಲ್ಲವೆಂದು ಆ ಪ್ರಯೋಗ ತೋರಿಸಿತು. ಅಂದರೆ ಕಲ್ಲಿದ್ದಲಿನ ಹೊಗೆ ಇಲ್ಲದ ಕಾಲದಲ್ಲಿಯೂ ಕಾಡುಗಳು ತಮ್ಮ ಮೇಲಣ ಆಕಾಶವನ್ನು ತಾವೇ ಕಣಗಳಿಂದ ತುಂಬಿಕೊಳ್ಳುತ್ತಿದ್ದವು.

ಮೋಡಕ್ಕೆ ಬೀಜ

ಈ ಕಣಗಳಿಂದ ಏನು ಪ್ರಯೋಜನ ಎಂಬ ಪ್ರಶ್ನೆಗೆ ಮಲೆನಾಡಿನವರಿಗೆ ಉತ್ತರ ಹತ್ತಿರದಲ್ಲಿಯೇ ಇದೆ. ಗಾಳಿಯ ತೇವಾಂಶವು ಹನಿಗಟ್ಟಬೇಕಾದರೆ ಅದಕ್ಕೆ ಕೂರಲು ಒಂದು ಸೂಕ್ಷ್ಮ ಪೀಠ ಬೇಕು. ಸಮುದ್ರದ ಉಪ್ಪಿನ ಕಣ, ಧೂಳು, ಹೊಗೆ ಮೊದಲಾದವುಗಳ ಜೊತೆಗೆ ಸುಮಾರು ಐವತ್ತರಿಂದ ನೂರು ನ್ಯಾನೋಮೀಟರಿಗೆ ಬೆಳೆದ ಸಾವಯವ ಕಣಗಳೂ ಇಂತಹ ಪೀಠಗಳಾಗುತ್ತವೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯು 2012ರಿಂದ ಪಶ್ಚಿಮ ಘಟ್ಟದ ಮಹಾಬಲೇಶ್ವರದಲ್ಲಿ ಮೋಡಗಳ ಅಧ್ಯಯನಕ್ಕೆಂದೇ ಒಂದು ಪ್ರಯೋಗಾಲಯ ನಡೆಸುತ್ತಿದೆ. ಅಲ್ಲಿಯ ಸೂಕ್ಷ್ಮ ಕಣಗಳಲ್ಲಿ ಸಾವಯವ ವಸ್ತುಗಳ ಪಾಲು ಗಣನೀಯವಾಗಿರುವುದು ಕಂಡುಬಂದಿದೆ.

ಮರಗಳಿದ್ದರೆ ಮಳೆ ಎಂದು ಹಿರಿಯರು ಹೇಳುತ್ತಿದ್ದ ಮಾತನ್ನು ಇದೊಂದರಿಂದಲೇ ಸಿದ್ಧಪಡಿಸಿದಂತಾಗುವುದಿಲ್ಲ. ಮುಂಗಾರು ಬರುವುದು ಸಾಗರದಿಂದ. ಕಣಗಳು ಮಿತಿಮೀರಿದರೆ ಇದ್ದ ನೀರು ಅಸಂಖ್ಯ ಸಣ್ಣ ಹನಿಗಳಿಗೆ ಹಂಚಿಹೋಗಿ ಮಳೆಗೆ ತೊಡಕಾಗುವುದೂ ಉಂಟು. ಆದರೂ ಮೋಡದ ರಚನೆಯಲ್ಲಿ ಮರದ ಉಸಿರಿಗೂ ಒಂದು ಸ್ಥಾನವಿದೆ ಎಂಬುದು ಈಗ ನಿಸ್ಸಂದೇಹ.

ಗಂಧದ ಊರು, ಕಟ್ಟಿಗೆಯ ಊರು

ಮರದೊಳಗಿನ ಆವಿಯನ್ನು ಹಿಡಿದಿಟ್ಟು ಬದುಕು ಕಟ್ಟಿಕೊಂಡ ಇತಿಹಾಸ ನಮ್ಮ ಈ ಎರಡು ಊರುಗಳಿಗಿದೆ. ಮೈಸೂರಿನ ಶ್ರೀಗಂಧದ ಎಣ್ಣೆ ಕಾರ್ಖಾನೆ 1916ರಲ್ಲಿ ಆರಂಭವಾದರೆ, ಶಿವಮೊಗ್ಗದ್ದು 1944ರಲ್ಲಿ ಆರಂಭವಾಯಿತು. ಚೆಕ್ಕೆಮಾಡಿದ ಗಂಧದ ಚೇಗಿಗೆ ಹಬೆ ಹಾಯಿಸಿ, ಹಬೆಯೊಡನೆ ಹೊರಟ ತೈಲದ ಆವಿಯನ್ನು ತಂಪುಮಾಡಿ ಹಿಡಿಯುವುದು ಅಲ್ಲಿಯ ಕ್ರಮ.

ಭದ್ರಾವತಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ ಮೂಡಿದ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದರ ಕುಲುಮೆಗೆ ಬೇಕಾದುದು ಕಲ್ಲಿದ್ದಲಲ್ಲ, ಸುತ್ತಲ ಕಾಡಿನ ಕಟ್ಟಿಗೆಯ ಇದ್ದಿಲು. ಗಾಳಿ ತಾಗದಂತೆ ಕಟ್ಟಿಗೆಯನ್ನು ಕಾಯಿಸಿ ಇದ್ದಿಲು ಮಾಡುವಾಗ ಹೊರಡುವ ಹೊಗೆಯನ್ನು ವ್ಯರ್ಥವಾಗಲು ಬಿಡದೆ, ಅದನ್ನು ತಣಿಸಿ ಮರದ ಮದ್ಯಸಾರ, ಅಸಿಟಿಕ್ ಆಮ್ಲದ ಲವಣ, ಟಾರು ಮುಂತಾದವುಗಳನ್ನು ಪಡೆಯುವ ಘಟಕವೂ ಅಲ್ಲಿತ್ತು. ಅದನ್ನು ತಣಿಸಿ ಹಿಡಿಯದೆ ಗಾಳಿಗೆ ಬಿಟ್ಟಿದ್ದರೆ ಅದರ ಬಹುಭಾಗ ಇದೇ ಬಗೆಯ ಸಾವಯವ ಕಣಗಳಾಗಿ ಊರಿನ ಮೇಲೆ ಕವಿಯುತ್ತಿತ್ತು. ಹೊಗೆಯನ್ನು ಸರಕಾಗಿಸಿದ ಆ ತಲೆಮಾರಿನ ಜಾಣ್ಮೆ ಇಂದಿಗೂ ಮೆಚ್ಚತಕ್ಕದ್ದು.

ಆದರೆ ಕಾಡಿನ ಮೇಲೆ ಅದು ಹೊರಿಸಿದ ಹೊರೆಯೂ ಸಣ್ಣದಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದದ ಕಾರ್ಖಾನೆಗೆ ಮೊದಲು ಬಿದಿರು ಬೇಕಾಯಿತು; ಬಳಿಕ ನೀಲಗಿರಿ, ಅಕೇಶಿಯಾ ಬೇಕಾದವು. ಅದಕ್ಕಾಗಿ 1980ರಲ್ಲಿ ಜಿಲ್ಲೆಯ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ನೀಡಲಾಯಿತು. ಕಾರ್ಖಾನೆಯ ಯಂತ್ರಗಳು ಕಳೆದ ದಶಕದಲ್ಲಿಯೇ ನಿಂತುಹೋದವು; ಸಾವಿರಾರು ಕುಟುಂಬಗಳು ಆ ನೋವನ್ನು ಉಂಡಿವೆ. ನೆಡುತೋಪುಗಳು ಮಾತ್ರ ಉಳಿದವು. 2020ರಲ್ಲಿ ಗುತ್ತಿಗೆ ಮುಗಿದಾಗ ಅದನ್ನು ಮುಂದುವರಿಸುವ ಸರ್ಕಾರದ ನಿರ್ಧಾರದ ವಿರುದ್ಧ, ಅಕೇಶಿಯಾ ಬೇಡ, ಸಹಜ ಕಾಡು ಬೆಳೆಯಲಿ ಎಂದು ಮಲೆನಾಡಿನಲ್ಲಿ ದೊಡ್ಡ ಚಳವಳಿಯೇ ನಡೆಯಿತು. ನೀಲಗಿರಿಯನ್ನು ಹೊಸದಾಗಿ ಬೆಳೆಸುವುದನ್ನು ರಾಜ್ಯ ಸರ್ಕಾರವು ಅದಕ್ಕೂ ಮುಂಚೆಯೇ, 2017ರಲ್ಲಿ ನಿಷೇಧಿಸಿತ್ತು.

ಈ ಚರ್ಚೆಗಳಲ್ಲಿ ಅಂತರ್ಜಲ, ಮೇವು, ಜೀವವೈವಿಧ್ಯಗಳ ಮಾತು ಬಂದಿದೆ, ಬರಬೇಕಾದುದೇ. ಗಾಳಿಯ ಮಾತು ಮಾತ್ರ ಅಷ್ಟಾಗಿ ಬರಲಿಲ್ಲ. ಮತ್ತಿ, ಹೊನ್ನೆ, ನಂದಿ, ತೇಗ, ಬಿದಿರು ಬೆರೆತ ಕಾಡಿನಲ್ಲಿ ಹೆಚ್ಚು ಉಸಿರುವ ಮರದ ಪಕ್ಕದಲ್ಲಿ ಕಡಿಮೆ ಉಸಿರುವ ಮರ ನಿಂತಿರುತ್ತದೆ. ಒಂದು ಎಲೆ ಉದುರಿಸಿದಾಗ ಇನ್ನೊಂದು ಚಿಗುರುತ್ತದೆ. ಒಂದೇ ಜಾತಿಯ ತೋಪಿನಲ್ಲಾದರೋ ಸಾವಿರಾರು ಮರಗಳು ಒಂದೇ ಬಗೆಯ ಆವಿಯನ್ನು ಒಂದೇ ಹೊತ್ತಿನಲ್ಲಿ ಹೊರಬಿಡುತ್ತವೆ. ಬೋರ್ನಿಯೋ ದ್ವೀಪದಲ್ಲಿ ಮಳೆಕಾಡನ್ನು ಕಡಿದು ಎಣ್ಣೆತಾಳೆ ಬೆಳೆಸಿದ ಕಡೆ ಐಸೊಪ್ರೀನ್ ಬಿಡುಗಡೆ ಹಲವು ಪಟ್ಟು ಹೆಚ್ಚಿರುವುದನ್ನು 2008ರಲ್ಲಿ ನಡೆದ ಅಳತೆಗಳು ತೋರಿಸಿದವು.

ಊರಿನ ಹೊಗೆ ಬೆರೆತಾಗ

ಹಾಗಾದರೆ ಮರಗಳೇ ವಾಯುಮಾಲಿನ್ಯಕ್ಕೆ ಕಾರಣವೇ? ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ 1981ರಲ್ಲಿ ಹೆಚ್ಚುಕಡಿಮೆ ಹೀಗೆಯೇ ಹೇಳಿ ನಗೆಪಾಟಲಿಗೆ ಈಡಾದರು. ಆವಿಗಳ ಮೊತ್ತವನ್ನಷ್ಟೇ ಕೂಡಿಸಿ ನೋಡುವವರಿಗೆ ಅಂತಹ ತಪ್ಪು ಸುಲಭವಾಗಿ ಆಗುತ್ತದೆ. ನಿಜಸಂಗತಿ ಬೇರೆ. ನಿರ್ಮಲವಾದ ಕಾಡಿನ ಗಾಳಿಯಲ್ಲಿ ಮರದ ಆವಿಯು ನಿರಪಾಯಕಾರಿ. ವಾಹನಗಳೂ ಕುಲುಮೆಗಳೂ ಹೊರಬಿಡುವ ಸಾರಜನಕದ ಆಕ್ಸೈಡುಗಳು ಅದರೊಡನೆ ಬೆರೆತಾಗ ಮಾತ್ರ ಬಿಸಿಲಿನಲ್ಲಿ ಓಝೋನ್ ಹೆಚ್ಚುತ್ತದೆ. ಮೇಲಣ ಆಕಾಶದಲ್ಲಿ ನಮ್ಮನ್ನು ಕಾಯುವ ಓಝೋನ್ ನೆಲಮಟ್ಟದಲ್ಲಿ ಶ್ವಾಸಕೋಶಕ್ಕೂ ಬೆಳೆಗೂ ಹಾನಿಕರ. ಅದು ಹೆಚ್ಚಿದಂತೆ ಉತ್ಕರ್ಷಣ ಕ್ರಿಯೆ ಚುರುಕಾಗಿ ಕಣಗಳೂ ಹೆಚ್ಚುತ್ತವೆ. ಮರಗಳಿಂದ ತುಂಬಿದ ಅಟ್ಲಾಂಟಾ ನಗರದಲ್ಲಿ ಓಝೋನ್ ತಗ್ಗಿಸಬೇಕಾದರೆ ಸಾರಜನಕದ ಆಕ್ಸೈಡುಗಳನ್ನು ಹತೋಟಿಗೆ ತರಬೇಕೆಂದು 1988ರ ಅಧ್ಯಯನವೊಂದು ಸೂಚಿಸಿತು.

ನಮಗೆ ಇನ್ನೂ ಹತ್ತಿರವಾದ ನಿದರ್ಶನ ಬ್ರೆಜಿಲ್ ದೇಶದ ಮನಾಸ್ ನಗರದ್ದು. ಸುತ್ತಲೂ ಅಮೆಜಾನ್ ಕಾಡು, ನಡುವೆ ಒಂದು ಊರು. ಊರಿನ ಹೊಗೆ ಗಾಳಿಯೊಡನೆ ಕಾಡಿನ ಮೇಲೆ ಹರಿದಾಗ ಅದೇ ಮರಗಳ ಅದೇ ಆವಿಯಿಂದ ಹುಟ್ಟುವ ಕಣಗಳು ಸರಾಸರಿ 60ರಿಂದ 200 ಪ್ರತಿಶತದಷ್ಟು ಹೆಚ್ಚಿದವೆಂದು 2019ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸುತ್ತದೆ. ಮರಗಳು ಬದಲಾಗಿರಲಿಲ್ಲ, ಗಾಳಿಗೆ ಬೆರೆತ ಹೊಗೆ ಮಾತ್ರ ಹೊಸದು.

ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಿನ ದೂರ ಸುಮಾರು 20 ಕಿಲೋಮೀಟರ್. ಎರಡನ್ನೂ ಬಿ.ಎಚ್. ರಸ್ತೆಯೇ ಸೀಳಿಕೊಂಡು ಹೋಗುತ್ತದೆ. ಒಂದು ಪಕ್ಕಕ್ಕೆ ಶೆಟ್ಟಿಹಳ್ಳಿಯ ಅಭಯಾರಣ್ಯ, ಇನ್ನೊಂದು ಪಕ್ಕಕ್ಕೆ ಲಕ್ಕವಳ್ಳಿಯಾಚೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಕಾಡಿನ ಉಸಿರೂ ಊರಿನ ಹೊಗೆಯೂ ಸಂಧಿಸುವುದಕ್ಕೆ ಇದಕ್ಕಿಂತ ತಕ್ಕ ಸ್ಥಳ ಬೇಕಿಲ್ಲ. ಆ ರಸ್ತೆಯ ಮೇಲೆ ಲಾರಿ, ಬಸ್ಸು, ದ್ವಿಚಕ್ರವಾಹನಗಳು ಹೆಚ್ಚಿದಷ್ಟೂ ಕಾಡಿನ ನಿರಪಾಯಕಾರಿ ಆವಿಯನ್ನು ನಾವೇ ಹಾನಿಕರವನ್ನಾಗಿ ಮಾರ್ಪಡಿಸುತ್ತೇವೆ. ಎರಡೂವರೆ ಮೈಕ್ರಾನಿಗಿಂತ ಚಿಕ್ಕದಾದ ಕಣಗಳು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಇವು ಒಂದು ಘನಮೀಟರ್ ಗಾಳಿಯಲ್ಲಿ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ನೀಡಿದ ಸಲಹೆ ಕೇವಲ 5 ಮೈಕ್ರೋಗ್ರಾಂ.

ನಮ್ಮ ಕೈಯಲ್ಲಿರುವುದು

ಊರ ಮುಂದಿನ ಅರಳಿಕಟ್ಟೆಯ ಮರ ಐಸೊಪ್ರೀನ್ ಹೊರಬಿಡುತ್ತದೆಂದು ಅದಕ್ಕೆ ಕೊಡಲಿ ಹಾಕುವುದು ಮೂರ್ಖತನ. ಅದು ಕೊಡುವ ನೆರಳು, ತಂಪು, ಹಿಡಿದಿಡುವ ಧೂಳು, ಸಾಕುವ ಹಕ್ಕಿಗಳು ಇವುಗಳ ಲೆಕ್ಕವೇ ದೊಡ್ಡದು. ರಸ್ತೆ ಅಗಲಿಸುವ ಸಲುವಾಗಿ ಮರ ಕಡಿದಾಗ ಬಿಸಿಲು ಏರುತ್ತದೆ. ಬಿಸಿಲೇರಿದಂತೆ ಉಳಿದ ಮರಗಳ ಆವಿಯೂ ಏರುತ್ತದೆ. ತಗ್ಗಿಸಬೇಕಾದುದು ಹೊಗೆಯನ್ನು, ಮರವನ್ನಲ್ಲ.

ಇಂದು ಬಸವ ಜಯಂತಿಯಂದೂ ಮಠ-ಶಾಲೆಗಳ ಸಮಾರಂಭಗಳಲ್ಲಿಯೂ ಸಸಿ ನೆಡುವ ಒಳ್ಳೆಯ ಪದ್ಧತಿ ಬೆಳೆದಿದೆ. ನೆಡುವಾಗ ಒಂದೇ ಜಾತಿಯ ಸಾಲನ್ನು ನಿಲ್ಲಿಸದೆ, ಈ ನೆಲದ ನಾಲ್ಕಾರು ಜಾತಿಗಳನ್ನು ಬೆರೆಸಿ ನೆಡುವುದು ಲೇಸು. ಬೇಗ ಬೆಳೆಯುತ್ತದೆಂಬ ಒಂದೇ ಕಾರಣಕ್ಕೆ ಅಕೇಶಿಯಾವನ್ನು ಆರಿಸಿಕೊಳ್ಳುವ ಕಾಲ ಮುಗಿಯಲಿ. ತೋಟದ ತರಗೆಲೆಯನ್ನು ಸುಡದೆ ಗೊಬ್ಬರಕ್ಕೆ ಹಾಕಬೇಕು. ಅಡಿಕೆ ಬೇಯಿಸುವ ಒಲೆಗೆ ಒಣಗಿದ ಕಟ್ಟಿಗೆಯನ್ನೇ ಬಳಸಿ, ಹೊಗೆ ಮೇಲೆ ಹೋಗುವಂತೆ ಕೊಳವೆ ನಿಲ್ಲಿಸಬೇಕು. ಹಸಿ ಕಟ್ಟಿಗೆಯ ಹೊಗೆಯಲ್ಲಿ ಈ ಬಗೆಯ ಆವಿಗಳು ತುಂಬಿರುತ್ತವೆ. ಪೂಜಾಕೋಣೆಯಲ್ಲಿ ಧೂಪ, ಊದಿನಕಡ್ಡಿ ಹಚ್ಚುವಾಗ ಕಿಟಕಿ ತೆರೆದಿಡುವುದು ಒಳ್ಳೆಯದು. ಮನೆಯಲ್ಲಿ ಉಬ್ಬಸದ ಹಿರಿಯರೋ ಎಳೆಯ ಕೂಸೋ ಇದ್ದರೆ ಇದು ಮತ್ತಷ್ಟು ಅಗತ್ಯ. ಹತ್ತಿರದ ಕೆಲಸಕ್ಕೆ ನಡೆದೇ ಹೋಗುವುದು, ಶಿವಮೊಗ್ಗ-ಭದ್ರಾವತಿಗಳ ನಡುವೆ ಸಾಧ್ಯವಾದಾಗ ಬಸ್ಸು, ರೈಲುಗಳನ್ನು ಬಳಸುವುದು, ವಾಹನದ ಹೊಗೆಯನ್ನು ಕಾಲಕಾಲಕ್ಕೆ ಪರೀಕ್ಷಿಸುವುದು ಇವು ಸಣ್ಣ ನಿಯಮಗಳು. ಆದರೆ ಇವುಗಳಿಂದಲೇ ಕಾಡಿನ ಗಾಳಿ ಕಾಡಿನ ಗಾಳಿಯಾಗಿ ಉಳಿಯುವುದು.

ಅಕ್ಕಮಹಾದೇವಿ ಹುಟ್ಟಿದ ಉಡುತಡಿಯೂ ಅಲ್ಲಮಪ್ರಭುಗಳ ಬಳ್ಳಿಗಾವಿಯೂ ಇದೇ ಜಿಲ್ಲೆಯಲ್ಲಿವೆ. ಗಿಡಮರಗಳನ್ನು ಮಾತನಾಡಿಸಬಲ್ಲವರಾಗಿದ್ದ ಆ ಶರಣರು ಅಲೆದ ನೆಲ ನಮ್ಮದು. ಮರವು ತನ್ನ ಕಾಯಕದ ಗಳಿಕೆಯಲ್ಲಿ ಒಂದು ಪಾಲನ್ನು ದಿನವೂ ಗಾಳಿಗೆ ದಾಸೋಹ ಮಾಡುತ್ತಿದೆ. ಅದು ಪ್ರಸಾದವಾಗುವುದೋ ವಿಷವಾಗುವುದೋ ಎಂಬುದು ಅದನ್ನು ಸ್ವೀಕರಿಸುವ ಪಾತ್ರೆಯ ಶುದ್ಧಿಯನ್ನು ಅವಲಂಬಿಸಿದೆ. ಆ ಪಾತ್ರೆ ನಾವು ಉಸಿರಾಡುವ ಗಾಳಿ. ಅದನ್ನು ಶುಚಿಯಾಗಿಡುವ ಹೊಣೆ ನಮ್ಮದು.